ಹೂವ ಸುಮ್ಮ ಬಂದಾವ

ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಪಕ್ಕದ್ದು ಹೂವಿನ ಅಂಗಡಿ. ಹೂವಿನ ಕಾಕಾ ತೀರಿಕೊಂಡ ಮೇಲೆ ಅವರ ಫೋಟೊಗೆ ನಾನೇ ಕಟ್ಟು ಹಾಕಿದೆ. ಒಂದು ಪ್ರತಿ ಅವರ ಮನೆಗೆ ಹೋಯಿತು, ಇನ್ನೊಂದು ನನ್ನ ಅಂಗಡಿಯ ಗೋಡೆಯ ಮೇಲಿದೆ. ಅಂಗಡಿಯ ತುಂಬ ಮಾರಾಟದ ಪ್ಲಾಸ್ಟಿಕ್ ಹಾರಗಳು ತೂಗಾಡುತ್ತಿದ್ದರೂ ಆ ಫೋಟೊಗೆ ಮಾತ್ರ ಒಂದನ್ನೂ ಹಾಕಿಲ್ಲ. ಹಾಕಿದರೆ ಕಾಕಾ ಕಟ್ಟಿನಿಂದ ಇಳಿದು ಬಂದು ಜಗಳ ತೆಗೆಯುತ್ತಾರೆ ಅನ್ನುವ ಅಂಜಿಕೆ ಇನ್ನೂ ಹೋಗಿಲ್ಲ.

ನಮ್ಮಿಬ್ಬರ ಗಿರಾಕಿಗಳು ಒಂದೇ ಮನೆಗಳಿಂದ ಬರುತ್ತಿದ್ದರು. ಮನೆಯಲ್ಲಿ ಯಾರಾದರೂ ಹೋದರೆ ಮೊದಲು ಕಾಕಾನ ಅಂಗಡಿಗೆ ಓಡಿ ಬರುವುದು, ಅಳು ಸ್ವಲ್ಪ ತಣ್ಣಗಾದ ಮೇಲೆ ಒಳ್ಳೆಯ ಫೋಟೊ ಹುಡುಕಿಕೊಂಡು ನನ್ನ ಅಂಗಡಿಗೆ ಬರುವುದು. "ನಾ ಹಸಿ ದುಃಖದಾಂವ, ನೀ ಒಣ ದುಃಖದಾಂವ ತಮ್ಮಾ" ಎಂದು ಕಾಕಾ ಹೇಳುತ್ತಿದ್ದರು. ಒಣ ದುಃಖಕ್ಕೆ ನಾನು ಮಾರುತ್ತಿದ್ದ ಪ್ಲಾಸ್ಟಿಕ್ ಹಾರ ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ಇದು ಬಾಡೂದಿಲ್ಲ ಅಂತ ಮಾರ್ತಿ. ಬಾಡಲಿಲ್ಲಂದ್ರ ಮಂದಿ ಸತ್ತೋರ್ನ ನೆನಸೂದು ಹ್ಯಾಂಗ?"

"ಧೂಳ ಒರಸೂವಾಗ ನೆನಸ್ತಾರಲ್ರಿ ಕಾಕಾ" ಎಂದೆ.

ಅವರು ಎದ್ದು ಬಂದು ನನ್ನ ಅಂಗಡಿಯ ಒಂದು ಹಾರದ ಮೇಲೆ ಬೆರಳು ಎಳೆದು, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು. ಆಮೇಲೆ ಹೋಗಿ ತಮ್ಮ ಜಾಗದಲ್ಲಿ ಕೂತರು. ಆವತ್ತಿನಿಂದ ನಾನು ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹಾರಗಳನ್ನು ಝಾಡಿಸುತ್ತೇನೆ. ಅದರಿಂದ ವ್ಯಾಪಾರವೇನೂ ಹೆಚ್ಚಿಲ್ಲ.

ಕಾಕಾ ಎತ್ತರದ ಆಳು. ಕೈಗಳು ಎತ್ತರಕ್ಕೂ ಮೀರಿ ಉದ್ದ. ಹೂವನ್ನು ಮೊಳದ ಲೆಕ್ಕದಲ್ಲಿ ಮಾರುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಸಾಲಿನ ಆ ತುದಿಯಲ್ಲಿ ಇನ್ನೊಬ್ಬ ಹೂವಿನವನಿದ್ದ. ಒಳ್ಳೆಯ ಮನುಷ್ಯ, ಕೈ ಮಾತ್ರ ಗಿಡ್ಡ. ಹೆಣ್ಣುಮಕ್ಕಳು ಅವನನ್ನು ದಾಟಿ ಕಾಕಾನ ಹತ್ತಿರ ಬರುತ್ತಿದ್ದರು. ಅವನು ಒಂದು ದಿನ ನಾಲ್ಕು ಜನರನ್ನು ಕರೆದುಕೊಂಡು ಬಂದು, ಎಲ್ಲರಿಗೂ ಒಂದೇ ಅಳತೆಯ ಕೋಲು ಇರಲಿ ಎಂದ. ಕಾಕಾ ತಮ್ಮ ಕೈಯನ್ನು ಮುಂದೆ ಚಾಚಿ, "ಇದು ನಮ್ಮವ್ವ ಕೊಟ್ಟ ಕೋಲು. ಬ್ಯಾರೆ ಕೋಲ ನಾ ಮುಟ್ಟೂದಿಲ್ಲ" ಎಂದರು. ಪಂಚಾಯಿತಿ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ತನ್ನ ಹೆಂಡತಿಯನ್ನು ಅಂಗಡಿಯಲ್ಲಿ ಕೂರಿಸಿದ. ಆಕೆ ಎತ್ತರ. ಅಲ್ಲಿಂದ ಇಬ್ಬರ ವ್ಯಾಪಾರವೂ ಸರಿಸಮ ನಡೆಯಿತು.

ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಬಾಗಿ ಕೂತು ಹೂವು ಕಟ್ಟುವುದು ಅವರ ಪದ್ಧತಿ. ಕಟ್ಟಿ ಕಟ್ಟಿ ಆ ಬೆರಳಿಗೆ ಒಂದು ಗೆರೆ ಬಿದ್ದಿತ್ತು. ಕೆಲಸವಿಲ್ಲದಾಗಲೂ ಆ ಬೆರಳು ಎದ್ದು ನಿಂತೇ ಇರುತ್ತಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ ಬಡಿಸುವವರು ಅದನ್ನು ಎಡವದಂತೆ ದಾಟಿಕೊಂಡು ಹೋಗುತ್ತಿದ್ದರು.

ಇಷ್ಟು ವರ್ಷ ಹೂವಿನ ನಡುವೆ ಕೂತವರು ಒಂದು ಹೂವನ್ನೂ ಮೂಸಿ ನೋಡಿರಲಿಲ್ಲ. ದೇವರಿಗೆ ಏರಿಸುವ ಹೂವು ಮೂಸಬಾರದು ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಕಾಕಾ ಯಾವ ಹೂವು ಯಾರಿಗೆ ಹೋಗುತ್ತದೋ ಯಾರಿಗೆ ಗೊತ್ತು ಎಂದು ಎಲ್ಲ ಹೂವುಗಳಿಗೂ ಆ ಕಾನೂನು ಹಚ್ಚಿದ್ದರು. ಒಬ್ಬ ಗಿರಾಕಿ, "ಮಲ್ಲಿಗಿ ವಾಸನಿ ಚಲೋ ಅದ ಏನ್ರಿ?" ಎಂದು ಕೇಳಿದ. "ನನಗೇನ ಗೊತ್ತಪಾ? ಮಂದಿ ಅದ ಅಂತಾರ" ಎಂದರು. ಅವನು ನಂಬಿಕೆ ಸಾಲದೆ ಮುಂದಿನ ಅಂಗಡಿಗೆ ಹೋದ.

ಯಾರೇ ಬರಲಿ, ಅವರ ಮೊದಲ ಪ್ರಶ್ನೆ ಒಂದೇ. "ಇದ್ದೋರಿಗೋ, ಹೋದೋರಿಗೋ?" ಅದಕ್ಕೆ ತಕ್ಕಂತೆ ಬುಟ್ಟಿ ಬದಲಾಗುತ್ತಿತ್ತು. ದೇವರು, ಮದುಮಕ್ಕಳು, ಬಾಣಂತಿಯ ತೊಟ್ಟಿಲು ಎಲ್ಲ ಇದ್ದವರ ಬುಟ್ಟಿಯಿಂದ. ದರ್ಗಾಕ್ಕೆ ಹೂವಿನ ಚಾದರ ಬೇಕೆಂದು ಬಂದ ಒಬ್ಬ ಹುಡುಗನಿಗೆ ಈ ಪ್ರಶ್ನೆಗೆ ಉತ್ತರ ಹೊಳೆಯದೆ ಗಾಬರಿಯಾಯಿತು. "ಅವರ ಹಂತೇಲಿ ಬೇಡಿಕೊಳ್ಳಾಕ ಹೋಗಾಕತ್ತಿ ಹೌದಿಲ್ಲೊ? ಮತ್ತ ಇದ್ದೋರ ಆದ್ರಲ್ಲ" ಎಂದು ಕಾಕಾ ತಾವೇ ತೀರ್ಮಾನಿಸಿ ಒಳ್ಳೆಯ ಗುಲಾಬಿ ತೆಗೆದರು. ಪುಢಾರಿಗಳ ಹಾರಕ್ಕೆ ಮೂರನೆಯ ಬುಟ್ಟಿಯೊಂದಿತ್ತು. ಅದರಲ್ಲಿ ನಿನ್ನೆಯ ಚೆಂಡುಹೂವು ಇರುತ್ತಿದ್ದವು. "ಕೊರಳಾಗ ಹಾಕೋತಾರ, ಫೋಟೊ ತಗೀತಾರ, ತಗದು ಒಗೀತಾರ. ಅಷ್ಟೊತ್ತು ಬಾಳಿಕಿ ಬಂದ್ರ ಸಾಕು" ಎನ್ನುತ್ತಿದ್ದರು.

ಈಚೆಗೆ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೋದವರು ಫೋನ್ ಮಾಡಿ ಊರಲ್ಲಿರುವವರಿಗೆ ಹೂವು ಕಳಿಸಲು ಹೇಳುವುದು ಶುರುವಾಗಿತ್ತು. ಹಬ್ಬವಿಲ್ಲ, ಮದುವೆಯಿಲ್ಲ, ಸುಮ್ಮನೆ ಹೂವು. ಕಾಕಾ ಅದಕ್ಕೆ ಒಲ್ಲೆ ಎನ್ನಲಿಲ್ಲ. ಆದರೆ ಒಂದು ಕರಾರು ಇತ್ತು. ಹೂವು ಒಯ್ಯುವವನು ಮನೆಯ ಹೊಸ್ತಿಲಿಗೆ ಇನ್ನೂ ನಾಲ್ಕು ಮಾರು ಇರುವಾಗಲೇ ದೊಡ್ಡ ದನಿಯಲ್ಲಿ ಕೂಗಿ ಹೇಳಬೇಕು: "ಎಲ್ಲಾರೂ ಆರಾಮ ಅದಾರ! ಹೂವ ಸುಮ್ಮ ಬಂದಾವ!" ಇದನ್ನು ಆಟೊದವರಿಂದ ತಮ್ಮ ಎದುರಿಗೆ ಒಮ್ಮೆ ಕೂಗಿಸಿ ನೋಡಿಯೇ ಕೈಗೆ ಪೊಟ್ಟಣ ಕೊಡುತ್ತಿದ್ದರು. ಪುಣೆಯಲ್ಲಿ ಲಾರಿ ಓಡಿಸುವ ಒಬ್ಬ ಕೊಹಿನೂರು ಹಳ್ಳಿಯಲ್ಲಿದ್ದ ಹೆಂಡತಿಗೆ ಮದುವೆಯಾದ ದಿನದ ನೆನಪಿಗೆ ಗುಲಾಬಿ ಕಳಿಸಿದ. ಆಟೊದವ ಊರ ಅಗಸಿ ಬಾಗಿಲಿನಿಂದಲೇ ಕೂಗುತ್ತ ಹೋದ. ಮರುದಿನ ಆಕೆ ಬಸವಕಲ್ಯಾಣಕ್ಕೆ ಬಂದು, "ಊರ ಮಂದಿಗೆಲ್ಲ ಡಂಗುರ ಹೊಡಿಸಿದ್ರಲ್ರಿ ಕಾಕಾ, ನಾ ಹ್ಯಾಂಗ ತಲಿ ಎತ್ತಿ ಅಡ್ಡಾಡ್ಲಿ?" ಎಂದು ಬೈದಳು. ಬೈದು, ಹೋಗುವಾಗ ಒಂದು ಗಜರಾ ಕಟ್ಟಿಸಿಕೊಂಡು ಹೋದಳು.

ಈ ಕೂಗಿನ ಹಿಂದೆ ಒಂದು ಕಥೆಯಿದೆ. ಅದನ್ನು ಕಾಕಾ ಎಂದೂ ಹೇಳಲಿಲ್ಲ. ಊರು ಹೇಳುತ್ತದೆ.

ಕಾಕಾನಿಗೆ ಒಬ್ಬಳೇ ತಂಗಿ. ಹುಮನಾಬಾದಿಗೆ ಕೊಟ್ಟಿದ್ದರು. ಗಂಡ ಹೆಂಡತಿ ಅಲ್ಲಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಾನಾವಳಿ ನಡೆಸುತ್ತಿದ್ದರು. ಒಂದು ಸಲ ಆ ಭಾವನಿಗೆ ಎದೆನೋವು ಬಂದು ಸೊಲ್ಲಾಪುರದ ಆಸ್ಪತ್ರೆಗೆ ಹಾಕಿದರು. ಇನ್ನು ಉಳಿಯುವುದಿಲ್ಲ ಎಂದುಕೊಂಡಾಗಲೇ ಚೇತರಿಸಿಕೊಂಡರು. ನಾಳೆ ಮನೆಗೆ ಕಳಿಸುತ್ತಾರೆ ಎಂದು ತಂಗಿ ಫೋನ್ ಮಾಡಿದಳು. ಕಾಕಾನಿಗೆ ಹಿಗ್ಗು ತಡೆಯಲಾಗಲಿಲ್ಲ. ಬೆಳಿಗ್ಗೆ ಎದ್ದವರೇ ಭಾವನನ್ನು ಎದುರುಗೊಳ್ಳಲು ಗುಲಾಬಿ, ಸೇವಂತಿಗೆ ಸೇರಿಸಿ ರಟ್ಟೆ ಗಾತ್ರದ ಒಂದು ಹಾರ ಕಟ್ಟಿದರು. ಮದುವೆಯ ಗಿರಾಕಿಗಳು ಕೂತಿದ್ದರಿಂದ ತಾವು ಹೋಗಲಾಗದೆ, ಹುಮನಾಬಾದ್ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟು, "ನಮ್ಮ ಭಾವನ ಮನಿಗಿ ಮುಟ್ಟಿಸು" ಎಂದರು. ಅಷ್ಟೇ ಹೇಳಿದರು.

ಮನೆಗೆ ಕೀಲಿ ಹಾಕಿತ್ತು. ತಂಗಿ ಇನ್ನೂ ಗಂಡನ ಜೊತೆ ದಾರಿಯಲ್ಲಿದ್ದಳು. ಕಂಡಕ್ಟರ್ ಹಾರವನ್ನು ಪಕ್ಕದ ಮನೆಯ ಹೆಣ್ಣುಮಗಳಿಗೆ ಕೊಟ್ಟು ಹೋದ. ಮನೆಯ ಯಜಮಾನ ಆಸ್ಪತ್ರೆಯಲ್ಲಿದ್ದಾನೆ, ಹೆಂಡತಿಯ ಅಣ್ಣನ ಕಡೆಯಿಂದ ರಟ್ಟೆ ಗಾತ್ರದ ಹಾರ ಬಂದಿದೆ. ಆಕೆಗೆ ಬೇರೆ ಸುದ್ದಿ ಬೇಕಾಗಲಿಲ್ಲ. ಒಮ್ಮೆ ಚೀರಿದಳು, ಓಣಿ ಕೂಡಿತು. ಹುಡಗಿ ಎಂಬ ಊರಿನಲ್ಲಿದ್ದ ಬಂಧುಗಳು ಟೆಂಪೊ ಮಾಡಿಕೊಂಡು ಬಂದರು. ಯಾರೋ ಬಿದಿರು ತಂದರು. ಚಿಟಗುಪ್ಪದಲ್ಲಿ ಒಬ್ಬ ದೂರದ ನೆಂಟನಿದ್ದ. ಇಂಥ ಹೊತ್ತಿನಲ್ಲಿ ನಾಲ್ಕು ಮಾತಾಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನೂ ಬಸ್ಸಿಳಿದು ಬಂದು ಕಟ್ಟೆಯ ಮೇಲೆ ನಿಂತು ಮಾತು ಶುರು ಮಾಡಿದ.

ಅವನು ಸತ್ತವನ ಕೈಯ ಧಾರಾಳತನದ ಬಗ್ಗೆ ಹೇಳುತ್ತಿರುವಾಗ ಜೀಪು ಬಂತು. ಭಾವ ಇಳಿದರು. ಅರ್ಧ ಕಟ್ಟಿದ ಚಟ್ಟವನ್ನೂ ಜನರನ್ನೂ ನೋಡಿ, ಟೊಪ್ಪಿಗೆ ತೆಗೆದು, "ಯಾರ ಹೋದ್ರು?" ಎಂದು ಮೆಲ್ಲಗೆ ಕೇಳಿದರು. ಚಿಟಗುಪ್ಪದವನು ಹಿಡಿದ ವಾಕ್ಯವನ್ನು ಪೂರ್ತಿ ಮಾಡಿ ಕೆಳಗಿಳಿದ.

ಭಾವನೇನೋ ಮನಸಾರೆ ನಕ್ಕರಂತೆ. ಇಷ್ಟು ಚಂದ ತನ್ನ ಬಗ್ಗೆ ಯಾರೂ ಮಾತಾಡಿರಲಿಲ್ಲ, ಉಳಿದದ್ದನ್ನೂ ಹೇಳಿ ಮುಗಿಸು ಎಂದು ಚಿಟಗುಪ್ಪದವನಿಗೆ ಚಹಾ ಕುಡಿಸಿದರಂತೆ. ಬಂದ ಬಿದಿರು ಹಿತ್ತಲಲ್ಲಿ ಹೀರೆಬಳ್ಳಿಗೆ ಚಪ್ಪರವಾಯಿತು. ತಂಗಿ ಮಾತ್ರ ನಗಲಿಲ್ಲ. ಹಾರವನ್ನು ಎಮ್ಮೆಗೆ ಮೇವಾಗಿ ಹಾಕಿದಳು. ಕಾಕಾನ ಕೂಗಿನ ಕರಾರು ಆವತ್ತಿನಿಂದ ಜಾರಿಗೆ ಬಂತು.

ಅದಾಗಿ ಕೆಲವು ವರ್ಷ ಭಾವ ಚೆನ್ನಾಗಿಯೇ ಇದ್ದರು. ಆಮೇಲೆ ಒಂದು ದಿನ ಊಟ ಮಾಡಿ ಮಲಗಿದವರು ಏಳಲಿಲ್ಲ. ಈ ಸಲ ಹಾರ ಸರಿಯಾದ ಹೊತ್ತಿಗೆ ಹೋಯಿತು, ಕಾಕಾ ತಾವೇ ಒಯ್ದರು. ಮಣ್ಣು ಮುಗಿದ ಮೇಲೆ ತಂಗಿ ಎಲ್ಲರೆದುರಿಗೆ ಅಂದಳು: "ಅಣ್ಣಾ, ನಿನ್ನ ಹೂವ ಮೊದಲ ಬಂದು ಕುಂತಿದ್ವು. ಸಾವ ಆ ಹೂವಿನ ಹಿಂದ ಹಾದಿ ಹುಡುಕ್ಕೋತ ಬಂತು. ಇನ್ನ ನನಗ ಹೂವ ಕಳಸಬ್ಯಾಡ."

ಹೇಗೂ ಕಳಿಸುವಂತಿರಲಿಲ್ಲ. ಗಂಡ ಹೋದವಳು ಹೂವು ಮುಡಿಯಬಾರದು ಅನ್ನುವುದು ನಮ್ಮ ಕಡೆ ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟದ್ದಾದರೆ ಅಳಿಸಬಹುದಿತ್ತು. ಅಂಗಡಿಯ ಹೂವೆಲ್ಲ ಮಾರಿ ಬದುಕುವ ಅಣ್ಣ, ಅದರಲ್ಲಿ ಒಂದು ಎಸಳನ್ನೂ ಮುಟ್ಟಬಾರದ ತಂಗಿ. ಇದು ಊರಿನಲ್ಲಿ ಯಾರಿಗೂ ವಿಚಿತ್ರ ಎನ್ನಿಸಲಿಲ್ಲ. ನನಗೂ ಎನ್ನಿಸಿರಲಿಲ್ಲ.

ದಿನಗಳ ಕಾರ್ಯವೆಲ್ಲ ಮುಗಿದು ಒಂದಷ್ಟು ಕಾಲ ಕಳೆದ ಮೇಲೆ, ಒಂದು ಬೆಳಿಗ್ಗೆ ಕಾಕಾ ಹೊಸದಾಗಿ ಬಂದ ಮಲ್ಲಿಗೆಯಲ್ಲಿ ಮೊದಲ ಹಿಡಿಯನ್ನು ಬೇರೆ ತೆಗೆದು, ಎರಡು ಮೊಳ ಕಟ್ಟಿ, ಎಲೆಯಲ್ಲಿ ಸುತ್ತಿ, ಬಟ್ಟೆಯ ಚೀಲದಲ್ಲಿಟ್ಟು ಹುಮನಾಬಾದ್ ಬಸ್ಸಿಗೆ ಕೊಟ್ಟರು. ಮಧ್ಯಾಹ್ನ ಅದೇ ಬಸ್ಸಿನಲ್ಲಿ ಚೀಲ ತಿರುಗಿ ಬಂತು. ಎಲೆಯ ಪೊಟ್ಟಣ ಬಿಚ್ಚಿರಲಿಲ್ಲ. ಅದರ ಕೆಳಗೆ ಜೋಳದ ರೊಟ್ಟಿ, ಪುಂಡಿಪಲ್ಯ ಇತ್ತು. ಮರುದಿನ ಮತ್ತೆ ಕಳಿಸಿದರು, ಮತ್ತೆ ಬಂತು. ಅಲ್ಲಿಂದ ಇದು ಬಸ್ಸಿನ ವೇಳಾಪಟ್ಟಿಯ ಹಾಗೆ ನಡೆದುಹೋಯಿತು. ವೇಳಾಪಟ್ಟಿಯಾದರೂ ಆಗೀಗ ತಪ್ಪುತ್ತಿತ್ತು.

ಹೂವು ನಮ್ಮೂರಿಗೆ ಬರುವುದು ಹೈದರಾಬಾದಿನಿಂದ. ಹೆದ್ದಾರಿಯಲ್ಲಿ ಮೊದಲು ಹುಮನಾಬಾದ್ ಸಿಗುತ್ತದೆ, ಆಮೇಲೆ ನಾವು. ಅಂದರೆ ಹುಮನಾಬಾದನ್ನು ದಾಟಿ ಬಂದ ಮಲ್ಲಿಗೆ ನಮ್ಮಲ್ಲಿ ದಾರಕ್ಕೆ ಏರಿ, ತಿರುಗಿ ಹುಮನಾಬಾದಿಗೆ ಹೋಗಿ, ಮಧ್ಯಾಹ್ನ ಮತ್ತೆ ನಮ್ಮಲ್ಲಿಗೆ ಬರುತ್ತಿತ್ತು. ಆ ರಸ್ತೆಯ ತಗ್ಗುಗಳು ಡ್ರೈವರಿಗಿಂತ ಆ ಮಲ್ಲಿಗೆಗೆ ಚೆನ್ನಾಗಿ ಗೊತ್ತಿರಬೇಕು. ಅಲ್ಲಿಯ ಹೂವಿನವನಿಗೇ ಹೇಳಿದರೆ ಆಗದೇ ಎಂದು ನಾನು ಕೇಳಿದ್ದುಂಟು. "ಅಂವನ ಮೊಳಾ ನೋಡಿಯೇನು?" ಎಂದರು ಕಾಕಾ.

ಕಂಡಕ್ಟರ್‌ಗಳು ಬದಲಾಗುತ್ತಿದ್ದರು. ಹಳಬ ಹೊಸಬನಿಗೆ ಟಿಕೆಟ್ ಮಷೀನಿನ ಜೊತೆಗೆ ಈ ಚೀಲದ ಕೆಲಸವನ್ನೂ ಒಪ್ಪಿಸಿ ಹೋಗುತ್ತಿದ್ದ. ಕೂಗಿನ ಕರಾರು ಇಲ್ಲಿಗೂ ಇತ್ತು. ಖಾನಾವಳಿಯ ಬಾಗಿಲಲ್ಲಿ ನಿಂತು ಕಂಡಕ್ಟರ್ ದಿನಾ ಹೇಳಬೇಕು: "ಅಕ್ಕಾರ, ಅಣ್ಣ ಆರಾಮ ಅದಾರ. ಹೂವ ಸುಮ್ಮ ಬಂದಾವ." ಆಕೆ ತಲೆ ಎತ್ತದೆ, "ಇಡು ಅಲ್ಲಿ" ಎನ್ನುತ್ತಿದ್ದಳಂತೆ. ಬಸ್ಸು ತಿರುಗಿ ಹೊರಡುವವರೆಗೆ ಚೀಲ ದುಡ್ಡಿನ ಗಲ್ಲೆಯ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ತಿರುಗಿ ಬರುವ ಸರದಿಯಲ್ಲಿ ರೊಟ್ಟಿ ತುಂಬಿ ಕೊಡುತ್ತಿದ್ದಳು.

ತಿರುಗಿ ಬಂದ ಹೂವನ್ನು ಕಾಕಾ ಮಾರುತ್ತಿರಲಿಲ್ಲ. ದೇವರಿಗೂ ಹಾಕುತ್ತಿರಲಿಲ್ಲ. "ಒಬ್ಬರ ಹೆಸರಿಲೆ ಕಟ್ಟಿದ್ದು" ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಒಂದು ಆಡು ತಿರುಗುತ್ತಿತ್ತು. ಪೊಟ್ಟಣ ಬಿಚ್ಚಿ ಅದರ ಮುಂದೆ ಇಡುತ್ತಿದ್ದರು. ಬರಬರುತ್ತ ಆಡು ಹುಮನಾಬಾದ್ ಬಸ್ಸಿನ ಹಾರನ್ ಗುರುತು ಹಿಡಿಯತೊಡಗಿತು. ಬೀದರಿನದು, ಕಲಬುರಗಿಯದು ಬಂದರೆ ಕಿವಿ ಸಹ ಅಲ್ಲಾಡಿಸುತ್ತಿರಲಿಲ್ಲ. ದಿನಾ ಮಲ್ಲಿಗೆ ತಿನ್ನುವ ಜೀವ ಇಡೀ ತಾಲೂಕಿನಲ್ಲಿ ಅದೊಂದೇ ಇತ್ತು. ಕಾಕಾ ಅದರ ಪಕ್ಕ ಕೂತು ತಂಗಿಯ ರೊಟ್ಟಿ ತಿನ್ನುತ್ತಿದ್ದರು. ಅಂಚು ದಪ್ಪ ಆಗಿದೆ, ಉಪ್ಪು ಕಮ್ಮಿ ಎಂದು ಪ್ರತಿ ದಿನ ಒಂದೊಂದು ಕೊಂಕು ತೆಗೆಯುತ್ತಿದ್ದರು. ಒಂದು ತುಣುಕನ್ನೂ ನನಗೆ ಉಳಿಸಿದ್ದಿಲ್ಲ.

ಒಂದು ದಿನ ನನಗೆ ರೇಗಿತು. ಮದುವೆಯ ದಿನಗಳು, ಮಲ್ಲಿಗೆ ಕಣ್ಣಿಗೆ ಬೀಳದ ಹಾಗಾಗಿತ್ತು, ಗಿರಾಕಿಗಳು ಕೈಮುಗಿದು ಕೇಳುತ್ತಿದ್ದರು. ಈ ಮನುಷ್ಯ ಅದನ್ನು ಆಡಿಗೆ ಹಾಕುತ್ತಿದ್ದಾರೆ.

"ಆಕಿ ಬ್ಯಾಡ ಅಂತಾಳ, ನೀವು ಬಿಡವಲ್ರಿ. ಮುಡಿಯೂ ಹಂಗ ಇಲ್ಲ ಅಂತ ನಿಮಗೂ ಗೊತ್ತದ. ಯಾಕ್ರಿ ಕಾಕಾ ಈ ಹಟ?"

ಕಾಕಾ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದರು. ಆಮೇಲೆ ಮಾತಾಡಿದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಮತ್ತೆ ಕೇಳಲಿಲ್ಲ.

"ತಮ್ಮಾ, ಆಕಿ ತಲಿಮ್ಯಾಲ ಕೂದಲಾ ಬಂದಾಗಿಂದ ಹೂವ ನಾ ಕೊಡಾಕತ್ತೇನಿ. ಅವಾಗ ಗಂಡ ಎಲ್ಲಿದ್ದ? ಅಂವ ನಡುವ ಬಂದ, ಚಲೋ ಮನಷ್ಯಾ, ನಡುವ ಹೋದ. ಅಂವ ಕೊಟ್ಟಿದ್ದ ತಾಳಿ ಅಂವನ ಕೂಡ ಹೋತು, ಹೋಗ್ಲಿ. ಹೂವ ನಾ ಕೊಟ್ಟಿದ್ದು. ಅಂವನ ಕೂಡ ಹ್ಯಾಂಗ ಹೋಗ್ತದ? ನಿಮ್ಮ ಕಾಕು ಸತ್ತಾಗ ನನಗ ಯಾರರ ಏನರ ಬಿಡು ಅಂದ್ರೇನು? ಬೀಡಿ ಸುದ್ದಾ ಬಿಡು ಅನ್ಲಿಲ್ಲ."

ಅವರ ಹೆಂಡತಿ, ನಮ್ಮ ಕಾಕು, ಹೋಗಿ ಬಹಳ ವರ್ಷವಾಗಿತ್ತು, ಬೀಡಿ ಆಗಲೂ ಅವರ ಕಿವಿಯ ಮೇಲಿತ್ತು. ಅವರು ಮುಂದೆ ಒಂದು ಮಾತು ಸೇರಿಸಿದರು: "ಒಮ್ಮಿ ಆಕಿ ಮುಡಕೊಂಡಿದ್ದು ನಾ ಕಣ್ಣಿಲೆ ನೋಡ್ಬೇಕು. ಅಷ್ಟ ನನ್ನ ಆಶಾ. ಆ ಮ್ಯಾಲ ಈ ಅಂಗಡಿ ಆ ಗಿಡ್ಡ ಕೈಯಾಂವಗ ಕೊಟ್ಟ ಬಿಡ್ತೀನಿ."

ಪಂಚಮಿಗೆ ತಂಗಿ ತವರಿಗೆ ಬರುತ್ತಿದ್ದಳು. ಉಂಡಿ ತಿಂದು, ಅಣ್ಣನ ಮಗ ಸೊಸೆಯ ಜೊತೆ ನಕ್ಕು ಮಾತಾಡಿ, ಸೊಸೆ ಹೂವಿನ ತಟ್ಟೆ ಹಿಡಿದು ಬಂದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಕಾಕಾ ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಮುಡಿ ಎಂದು ಜುಲುಮೆ ಮಾಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಚೀಲ ಮತ್ತೆ ಬಸ್ಸಿಗೆ ಏರುತ್ತಿತ್ತು.

ಒಂದು ಸಲ ಕಾಕಾನಿಗೆ ಜ್ವರ ಬಂದು ಅಂಗಡಿ ತೆರೆಯಲಿಲ್ಲ. ಚೀಲ ಹೋಗಲಿಲ್ಲ. ಮಧ್ಯಾಹ್ನ ಹುಮನಾಬಾದ್ ಬಸ್ಸಿನಿಂದ ಚೀಲದ ಬದಲು ತಂಗಿಯೇ ಇಳಿದಳು. ಊಟದ ಹೊತ್ತಿನಲ್ಲಿ ಖಾನಾವಳಿ ಬಿಟ್ಟು, ಕೈಗೆ ಅಂಟಿದ ಹಿಟ್ಟು ಸಹ ತೊಳೆಯದೆ ಬಂದಿದ್ದಳು. ಮುಚ್ಚಿದ ಅಂಗಡಿ ನೋಡಿ ಮುಖ ಬಿಳುಚಿಕೊಂಡಿತು.

"ಹೂವ ಬರಲಿಲ್ಲ" ಎಂದಳು ನನಗೆ.

ಜ್ವರ ಎಂದು ನಾನು ಹೇಳಿದ ಮೇಲೆ ಉಸಿರು ಬಿಟ್ಟು ಅಂಗಡಿಯ ಕಟ್ಟೆಯ ಮೇಲೆ ಕೂತಳು. ಮನೆಗೆ ಹೋಗಿ ಅಣ್ಣನಿಗೆ ಕಷಾಯ ಕುಡಿಸಿ, ಮೈಮೇಲೆ ಖಬರಿಲ್ಲದೆ ಬಿಸಿಲಲ್ಲಿ ಕೂರುತ್ತಾನೆ ಎಂದು ಬೈದು, ಸಂಜೆಯ ಬಸ್ಸಿಗೆ ಹೋದಳು. ಮರುದಿನ ಕಾಕಾ ಕಂಬಳಿ ಹೊದ್ದುಕೊಂಡೇ ಅಂಗಡಿಗೆ ಬಂದರು. ಮುಖದಲ್ಲಿ ಗೆದ್ದ ಕಳೆ. "ನೋಡಿದಿಲ್ಲೊ? ಹೂವ ಬ್ಯಾಡ ಅಂತಾಳ. ಬರಲಿಲ್ಲಂದ್ರ ಓಡಿ ಬರ್ತಾಳ." ಆ ದಿನ ಎರಡು ಮೊಳದ ಬದಲು ಮೂರು ಮೊಳ ಕಟ್ಟಿದರು. ಮಧ್ಯಾಹ್ನ ಮೂರೂ ಮೊಳ ತಿರುಗಿ ಬಂದವು, ಆಡಿಗೆ ಹಬ್ಬವಾಯಿತು.

ಅವರು ಹೋದ ದಿನವೂ ಬೇರೆ ದಿನಗಳಂತೆಯೇ ಶುರುವಾಗಿತ್ತು. ಮಲ್ಲಿಗೆ ಬಂತು, ಮೊದಲ ಹಿಡಿ ಬೇರೆಯಾಯಿತು, ಚೀಲ ಬಸ್ಸು ಹತ್ತಿತು. ಕಂಡಕ್ಟರ್ ಹೊಸಬ, ಎಳೆಯ ಮುಖದವನು. ಕಾಕಾ ಅವನಿಂದ ಕೂಗಿನ ಮಾತನ್ನು ಒಮ್ಮೆ ಹೇಳಿಸಿ, "ಜರಾ ಜೋರ್ಲೆ ಹೇಳು. ಖಾನಾವಳಿಯಾಗ ಗದ್ದಲ ಇರ್ತದ" ಎಂದರು. ನನಗೆ ಚಹಾ ಹೇಳಿದರು. ನನ್ನ ಅಂಗಡಿಯಲ್ಲಿ ಹೊಸದಾಗಿ ಬಂದ ಶ್ರೀಗಂಧದ ಬಣ್ಣದ ಪ್ಲಾಸ್ಟಿಕ್ ಹಾರವನ್ನು ನೋಡಿ ಮುಖ ಸಿಂಡರಿಸಿದರು. ಬಿಸಿಲು ಏರಿದ ಮೇಲೆ ನಾನು ಕಟ್ಟಿನ ಮೂಲೆಗೆ ಮೊಳೆ ಹೊಡೆಯುತ್ತಿರುವಾಗ ಒಬ್ಬ ಗಿರಾಕಿ ನನ್ನ ಬಾಗಿಲಿಗೆ ಬಂದ. ಹಾರ ಬೇಕೆಂದು ಪಕ್ಕದಲ್ಲಿ ಬಹಳ ಹೊತ್ತು ನಿಂತಿದ್ದನಂತೆ.

"ಕಾಕಾ ಏನೂ ಕೇಳವಲ್ರಲ್ರಿ" ಎಂದ.

ನನಗೆ ಆಗಲೇ ಗೊತ್ತಾಯಿತು.

ಗೋಡೆಗೆ ಒರಗಿ, ತಲೆ ಸ್ವಲ್ಪ ವಾಲಿಸಿ ಕೂತಿದ್ದರು. ಮಡಿಲಲ್ಲಿ ಅರ್ಧ ಕಟ್ಟಿದ ಸೇವಂತಿಗೆ. ದಾರ ಹೆಬ್ಬೆರಳಿಗೆ ಹಾಗೆಯೇ ಇತ್ತು. ಸತ್ತವರ ಹೆಬ್ಬೆರಳು ಕಟ್ಟುವುದು ರೂಢಿ. ಕಾಕಾ ತಮ್ಮದನ್ನು ತಾವೇ ಶುರು ಮಾಡಿಟ್ಟಿದ್ದರು. ನಾನು ದಾರ ಬಿಡಿಸಿದೆ. ಬಿಡಿಸಿದ ಮೇಲೂ ಆ ಬೆರಳು ಎದ್ದೇ ನಿಂತಿತ್ತು.

ಮಗ ಬಂದ, ಸಾಲಿನ ಅಂಗಡಿಯವರೆಲ್ಲ ಬಂದರು. ಆ ತುದಿಯ ಗಿಡ್ಡ ಕೈಯವನೇ ಎಲ್ಲರಿಗಿಂತ ಹೆಚ್ಚು ಅತ್ತ. ಹಿಂದಿನ ಗಲ್ಲಿಯಲ್ಲಿದ್ದ ಮನೆಗೆ ಒಯ್ದೆವು. ಹುಮನಾಬಾದಿಗೆ ತಿಳಿಸುವ ಕೆಲಸ ನನಗೆ ಬಂತು. ಫೋನಿನಲ್ಲಿ ಖಾನಾವಳಿಯ ತಟ್ಟೆಗಳ ಸದ್ದು ಕೇಳುತ್ತಿತ್ತು. ನಾನು ಹೇಗೋ ಹೇಳಿದೆ.

"ಆರಾಮ ಅದಾನ ಅಂತ ಮುಂಜಾನಿ ಕಂಡಕ್ಟರ್ ಹೇಳ್ಯಾನಲ್ಲ" ಎಂದಳು.

"ಮುಂಜಾನಿ ಆರಾಮ ಇದ್ರು ಅಕ್ಕಾ" ಎಂದೆ.

ಫೋನ್ ಕಟ್ಟಾಯಿತು.

ಮಧ್ಯಾಹ್ನದ ಬಸ್ಸಿಗೆ ಕಾಯಲು ನಾನು ಅಂಗಡಿಯ ಹತ್ತಿರ ನಿಂತಿದ್ದೆ. ಹಾರನ್ ಕೇಳಿತು. ನೆರಳಿನಲ್ಲಿ ಮಲಗಿದ್ದ ಆಡು ಎದ್ದು ಮೈ ಕೊಡವಿಕೊಂಡಿತು. ಎಲ್ಲರೂ ಇಳಿದ ಮೇಲೆ ಕೊನೆಗೆ ತಂಗಿ ಇಳಿದಳು. ಹಿಂದೆ ಎಳೆಯ ಕಂಡಕ್ಟರ್ ತಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಆಕೆಯ ಕೈಯಲ್ಲಿ ಅದೇ ಬಟ್ಟೆಯ ಚೀಲ. ಸೆರಗು ತಲೆಯ ಮೇಲಿಂದ ಜಾರಿತ್ತು, ಹೊದ್ದುಕೊಳ್ಳುವ ಗೊಡವೆಗೆ ಹೋಗಿರಲಿಲ್ಲ. ಬಿಳಿಯಾದ ಕೂದಲಿನ ಸಣ್ಣ ಗಂಟಿಗೆ ಎರಡು ಮೊಳ ಮಲ್ಲಿಗೆ ಸುತ್ತಿತ್ತು. ಅಭ್ಯಾಸ ತಪ್ಪಿದ ಕೈ ಮುಡಿದದ್ದು, ಒಂದು ಕಡೆ ಹೆಚ್ಚು ಜೋತು ಬಿದ್ದಿತ್ತು.

ನಾನು ಮುಂದೆ ನಡೆದೆ. ಆಕೆ ಹಿಂದೆ ಬಂದಳು, ಆಕೆಯ ಹಿಂದೆ ಚೀಲದ ಮೇಲೆ ಕಣ್ಣಿಟ್ಟು ಆಡು ಬಂತು. ಗಲ್ಲಿಯ ಬಾಗಿಲುಗಳಲ್ಲಿ ನಿಂತ ಹೆಂಗಸರು ಮೊದಲು ಆಕೆಯ ಮುಖ ನೋಡಿದರು, ಆಮೇಲೆ ತಲೆ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು.

ಮನೆಯೊಳಗೆ ಅಳು ನಿಂತುಹೋಯಿತು. ಕೊಹಿನೂರಿನಿಂದ ಬಂದಿದ್ದ ಅವರ ದೊಡ್ಡಮ್ಮ, ಎಲ್ಲರಿಗಿಂತ ಹಿರಿಯಳು, ಕೂತಲ್ಲಿಂದಲೇ ಅಂದಳು: "ಏನವ್ವಾ ಇದು? ಗಂಡ ಇಲ್ಲದಾಕಿ, ಇಂಥಾ ದಿನ ತಲಿತುಂಬ ಹೂವ ಮುಡಕೊಂಡು ಬಂದಿ?"

ತಂಗಿ ಅಣ್ಣನ ಮುಖ ನೋಡುತ್ತಲೇ ಉತ್ತರ ಕೊಟ್ಟಳು.

"ದಿನಾ ವಾಪಸ್ ಕೊಡ್ತಿದ್ದೆ ದೊಡ್ಡಮ್ಮಾ. ತಗೊಳ್ಳಾಕ ಅಂವ ಇದ್ದ. ಇವತ್ತ ಯಾರ ಕೈಯಾಗ ಕೊಡ್ಲಿ?"

ಆಕೆ ಚೀಲವನ್ನು ಬಾಗಿಲ ಪಕ್ಕ ಇಟ್ಟು, ಅಣ್ಣನ ತಲೆಯ ಹತ್ತಿರ ಹೋಗಿ ಕೂತಳು. ಕಾಕಾ ಬೆಳಿಗ್ಗೆ ಕಟ್ಟಿದ ಹೂವು, ಅಷ್ಟು ದೂರ ಹೋಗಿ ಬಂದರೂ ಇನ್ನೂ ಬಾಡಿರಲಿಲ್ಲ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಗೋಡೆಯ ಕಡೆ ಮುಖ ಮಾಡಿ ಅತ್ತೆ.

ಆಡು ಹೊಸ್ತಿಲ ಹೊರಗೆ ಚೀಲವನ್ನು ನೋಡುತ್ತ ನಿಂತಿತ್ತು. ಮೂತಿ ಹಾಕಿ ನೋಡಿತು. ರೊಟ್ಟಿ ಇದ್ದವು, ಬೆಳಿಗ್ಗೆಯೇ ಬಡಿದಿಟ್ಟವು. ಹೂವಿರಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕಾದು, ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ಹೋಯಿತು.